ಮಲೆನಾಡಲ್ಲಿ ಗಾಳಿ-ಮಳೆ ಹೊಡೆದಾಗ: ಹಾನಿ ಲೆಕ್ಕ ಬರೆದಿಡುವುದು, ಪರಿಹಾರ ಕೇಳುವುದು ಹೇಗೆ?

ಆಶ್ಲೇಷ ಮಳೆ, ಈಸಲಾರದ ಹೊಳೆ ಅನ್ನುತ್ತಾರೆ ನಮ್ಮ ಹಿರಿಯರು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಎರಡೂ ಹೋದದ್ದು ಅದೇ ಮಳೆಯಲ್ಲಿ. 2024ರ ಜುಲೈನಲ್ಲಿ ಸಕಲೇಶಪುರದ ಸರದಿ. ಶಿರಾಡಿ ಘಾಟಿಯ ದೊಡ್ಡತಪ್ಲು ಬಳಿ ಹೆದ್ದಾರಿ ಮೇಲೆ ಮಣ್ಣು ಬಂತು. ಎಡಕುಮರಿ-ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿತು.  ಮುಂಗಾರಿನ ಗಾಳಿ, ಧರೆ ಕುಸಿತ, ಕಾಫಿ ಕೊಯ್ಲಿನ ಹೊತ್ತಿಗೆ ಬಂಗಾಳ ಕೊಲ್ಲಿಯ ಚಂಡಮಾರುತ ತರುವ ಅಕಾಲದ ಮಳೆ, ಇಷ್ಟೇ ಸಾಕು ನಮ್ಮ ವರ್ಷ ಹಾಳು ಮಾಡಲು.

ಪರಿಹಾರದ ವಿಷಯದಲ್ಲಿ ಜನ ಜಾಸ್ತಿ ಸೋಲುವುದು ಒಂದೇ ಕಡೆ. ಹಾನಿ ಆಗಿರುತ್ತದೆ, ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಸರಿಯಾದ ಇಲಾಖೆಯ ಪಟ್ಟಿಗೆ ಸರಿಯಾದ ಹೆಸರಲ್ಲಿ ಸೇರಿರುವುದಿಲ್ಲ. ಆ ಪಟ್ಟಿ ತಯಾರಾಗುವುದು ಮೊದಲ ಒಂದೆರಡು ವಾರದಲ್ಲಿ. ಆಮೇಲೆ ಸೇರಿಸುವುದು ಬಹಳ ಕಷ್ಟ. ಹಾಗಾಗಿ ಈ ಲೇಖನದ ಮುಕ್ಕಾಲು ಪಾಲು ಆ ದಿನಗಳ ಬಗ್ಗೆಯೇ.

ಮೊದಲ ದಿನ: ಲೆಕ್ಕ ಆಮೇಲೆ, ಜೀವ ಮೊದಲು

ತುರ್ತು ಇದ್ದರೆ 112. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077. ಕಂಬ ಬಿದ್ದಿದ್ದರೆ, ತಂತಿ ತುಂಡಾಗಿದ್ದರೆ 1912. ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಹಾಸನದವರಿಗೆ ಚೆಸ್ಕಾಂ, ನಂಬರ್ ಮಾತ್ರ ಎರಡಕ್ಕೂ ಅದೇ. ದೂರಿನ ಸಂಖ್ಯೆ ಕೊಟ್ಟರೆ ಬರೆದಿಟ್ಟುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ ಮರ ಬಿತ್ತು ಅನ್ನುವುದಕ್ಕೆ ಮುಂದೆ ಅದೇ ಒಂದು ಸಾಕ್ಷಿ ಆಗುತ್ತದೆ.

ತೋಟದ ಒಳಗೆ ಹೋಗುವಾಗ ಬೇಲಿ ಮುಟ್ಟಬೇಡಿ. ಸಿಲ್ವರ್ ಓಕ್ ಬಿದ್ದು ಲೈನ್ ಎಳೆದುಕೊಂಡಿದ್ದರೆ ತಂತಿಬೇಲಿಯಲ್ಲಿ ಎಲ್ಲೋ ದೂರದಲ್ಲೂ ಕರೆಂಟು ಇರಬಹುದು. ಚೈನ್ ಸಾ ಹಿಡಿದು ಹುಡುಗರು ಮುಂದೆ ಬರುತ್ತಾರೆ, ಒಳ್ಳೆಯದೇ. ಆದರೆ ಲೈನ್ ಆಫ್ ಆಗಿದೆ ಅಂತ ಲೈನ್‌ಮ್ಯಾನ್ ಬಾಯಿಂದ ಕೇಳಿದ ಮೇಲೆ ಕೆಲಸ ಶುರು ಮಾಡಲಿ.

ಮನೆ ಹಿಂದೆ ಕಡಿದಾದ ಧರೆ ಇದ್ದವರು ಇನ್ನೂ ಜಾಸ್ತಿ ಎಚ್ಚರವಾಗಿರಬೇಕು. ಧರೆ ಮೇಲೆ ಹೊಸ ಬಿರುಕು, ಓರೆಯಾದ ಮರ, ಇಲ್ಲದ ಕಡೆ ಎದ್ದ ಒರತೆ, ತಿಳಿ ಇದ್ದ ನೀರು ಕೆಂಪಗೆ ಬರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಬಿರುಕಿನ ಫೋಟೋ ತೆಗೆದು ಪಂಚಾಯ್ತಿ ಪಿಡಿಒಗೆ, ಗ್ರಾಮ ಆಡಳಿತ ಅಧಿಕಾರಿಗೆ ಕಳಿಸಿ, ಮನೆ ಬಿಡಿ. ಮಳೆ ನಿಂತ ಮೇಲೂ ಒಂದೆರಡು ದಿನ ಮಣ್ಣು ನೀರು ಕುಡಿದೇ ಇರುತ್ತದೆ, ಬಿಸಿಲು ಬಂತು ಅಂತ ಓಡಿ ಬರಬೇಡಿ.

ಎತ್ತುವ ಮೊದಲು ಫೋಟೋ

ಮನೆ ಕ್ಲೀನ್ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೆ ಮುಂಚೆ ಅರ್ಧ ಗಂಟೆ ಫೋಟೋಗೆ ಕೊಡಿ. ಜಾಗ, ದಿನಾಂಕ, ಸಮಯ ಫೋಟೋ ಮೇಲೇ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕಿಕೊಂಡರೆ ಒಳ್ಳೆಯದು. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಆ್ಯಪನ್ನು ಮಳೆಗಾಲಕ್ಕೆ ಮೊದಲೇ ಇಳಿಸಿಕೊಳ್ಳಿ.

ಮೊದಲು ದೂರದಿಂದ ಇಡೀ ಮನೆ ಕಾಣುವಂತೆ ಒಂದು, ಅದರಲ್ಲಿ ಪಕ್ಕದ ಮನೆಯೋ ರಸ್ತೆಯೋ ಸೇರಿರಲಿ. ಆಮೇಲೆ ನಾಲ್ಕೂ ಗೋಡೆ ಹೊರಗಿನಿಂದ, ಪ್ರತಿ ಕೋಣೆ ಒಳಗಿನಿಂದ. ಮನೆ ನಂಬರ್ ಇರುವ ಫಲಕ ಇದ್ದರೆ ಅದೂ ಬರಲಿ. ಬಿರುಕಿನ ಪಕ್ಕ ಅಡಿಪಟ್ಟಿ ಇಟ್ಟು ಒಂದು. ನೀರು ನುಗ್ಗಿದ್ದರೆ ಗೋಡೆ ಮೇಲೆ ನೀರು ನಿಂತ ಗೆರೆ ಇರುತ್ತದೆ, ಒರೆಸುವ ಮೊದಲು ಅದನ್ನು ಹಿಡಿಯಿರಿ. ನೀರು ಇನ್ನೂ ನಿಂತಿದ್ದರೆ ದಿನಕ್ಕೊಂದು ಫೋಟೋ ತೆಗೆಯಿರಿ. ಬಟ್ಟೆ, ಪಾತ್ರೆ ಪರಿಹಾರಕ್ಕೆ ಮನೆ ಬಿದ್ದಿರಬೇಕು, ಕೊಚ್ಚಿಹೋಗಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ನೀರಲ್ಲಿ ಮುಳುಗಿರಬೇಕು ಅನ್ನುವುದು ಲೆಕ್ಕ. ಎರಡು ದಿನ ಅನ್ನುವುದನ್ನು ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ.

ಗದ್ದೆಗೆ ಮಣ್ಣು ತುಂಬಿದ್ದರೆ ಅಡಿಪಟ್ಟಿಯನ್ನು ನೆಲ ಮುಟ್ಟುವವರೆಗೆ ಚುಚ್ಚಿ ಫೋಟೋ ತೆಗೆಯಿರಿ. ಹೂಳು 3 ಇಂಚಿಗಿಂತ ಜಾಸ್ತಿ ಇದ್ದರೆ ಮಾತ್ರ ತೆಗೆಸಲು ಸಹಾಯ ಸಿಗುತ್ತದೆ. ದನ ಸತ್ತಿದ್ದರೆ ಕಿವಿ ಓಲೆ ಕಾಣುವ ಫೋಟೋ ಬೇಕು. ಪಶು ವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಹೂಳಬೇಡಿ.

ಊರಿನ ಮುಖಂಡರು ಬಿದ್ದ ಗೋಡೆ ಮುಂದೆ ಕೈ ಕಟ್ಟಿ ನಿಂತ ಫೋಟೋ ಪೇಪರಿಗೆ ಚೆನ್ನಾಗಿರುತ್ತದೆ. ಕಡತಕ್ಕೆ ಗೋಡೆ ಕಾಣಬೇಕು.

ಫೋಟೋಗಳನ್ನು ಅದೇ ದಿನ ವಾಟ್ಸಾಪಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗೂ ಪಿಡಿಒಗೂ ಕಳಿಸಿ. ಜೊತೆಗೆ ಎರಡು ಸಾಲು: ಹೆಸರು, ಊರು, ಸರ್ವೆ ನಂಬರ್ ಅಥವಾ ಮನೆ ನಂಬರ್, ಏನಾಯಿತು, ಯಾವಾಗ. ಹಾಗೆಯೇ 'ಮಣ್ಣು ತೆಗೆಯಬಹುದಾ?' ಅಂತ ಕೇಳಿ. ಹೊಳೆ ಆಚೆಯ ಊರುಗಳಿಗಂತೂ ಇದು ಬಹಳ ಮುಖ್ಯ. ಕಳಸದ ಬಳಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಅಧಿಕಾರಿ ಬರಬೇಕೆಂದರೂ ದಾರಿ ಇರುವುದಿಲ್ಲ. ಅಂಥ ಹೊತ್ತಲ್ಲಿ ನಿಮ್ಮ ಮೆಸೇಜೇ ಮೊದಲ ವರದಿ.

ಯಾವ ಹಾನಿಗೆ ಯಾರ ಬಾಗಿಲು

ಕಂದಾಯ ಇಲಾಖೆ ಎಲ್ಲದಕ್ಕೂ ಕೇಂದ್ರ. ಗ್ರಾಮ ಆಡಳಿತ ಅಧಿಕಾರಿ ಸ್ಥಳ ನೋಡಿ ಮಹಜರು ಮಾಡುತ್ತಾರೆ. ಅದು ಕಂದಾಯ ನಿರೀಕ್ಷಕರ ಮೂಲಕ ತಹಶೀಲ್ದಾರರಿಗೆ, ಅಲ್ಲಿಂದ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗೆ ಹೋಗುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು.

ಆದರೆ ಕಂದಾಯದವರು ಒಬ್ಬರೇ ಎಲ್ಲವನ್ನೂ ಅಳೆಯುವುದಿಲ್ಲ. ಮನೆಗೆ ಎಂಜಿನಿಯರ್ ಮತ್ತು ಪಿಡಿಒ ಜೊತೆಗಿರಬೇಕು. ಭತ್ತ, ಜೋಳಕ್ಕೆ ಕೃಷಿ ಇಲಾಖೆ. ಅಡಿಕೆ, ಮೆಣಸು, ಬಾಳೆ, ಏಲಕ್ಕಿಗೆ ತೋಟಗಾರಿಕೆ. ಕಾಫಿಗೆ ಕಾಫಿ ಮಂಡಳಿ. ನಮ್ಮ ತೋಟಗಳ ಕಷ್ಟ ಇಲ್ಲೇ ಶುರು. ಒಂದೇ ಎಕರೆಯಲ್ಲಿ ಕಾಫಿ, ಅದರ ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಅಂಚಲ್ಲಿ ಅಡಿಕೆ. ಪಹಣಿಯಲ್ಲಿ ಮಾತ್ರ ಒಂದೇ ಬೆಳೆ ಬರೆದಿರುತ್ತದೆ. ಬೆಳೆ ಸಮೀಕ್ಷೆ ಹೊತ್ತಲ್ಲೇ ಮಿಶ್ರ ಬೆಳೆ ಸರಿಯಾಗಿ ದಾಖಲಾಗಿದೆಯಾ ಅಂತ ನೋಡಿಕೊಳ್ಳಬೇಕು. ಮಳೆ ಬಂದ ಮೇಲೆ ಅದನ್ನು ತಿದ್ದಿಸಲು ಓಡಾಡುವುದು ದೊಡ್ಡ ತಲೆನೋವು.

ಇದರ ಜೊತೆಗೆ ಬೆಳೆ ವಿಮೆ ಬೇರೆಯೇ ದಾರಿ. ಭತ್ತಕ್ಕೆ ಫಸಲ್ ಬಿಮಾ ಮಾಡಿಸಿದ್ದು, ಧರೆ ಜಾರಿ ಗದ್ದೆ ಮುಚ್ಚಿದಂಥ ಹಾನಿ ಆಗಿದ್ದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಲೇಬೇಕು. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಗೆ ಯಾರೂ ತೋಟ ನೋಡಲು ಬರುವುದಿಲ್ಲ. ಅದು ಮಳೆ ಮಾಪನದ ಅಂಕಿ ಮೇಲೆ ತೀರ್ಮಾನವಾಗುತ್ತದೆ.

ಮನೆ: ಎ, ಬಿ, ಸಿ

ನಮ್ಮ ರಾಜ್ಯದಲ್ಲಿ ಮನೆ ಹಾನಿಯನ್ನು ಮೂರು ಭಾಗ ಮಾಡುವ ರೂಢಿ ಇದೆ. 75 ಶೇಕಡಕ್ಕಿಂತ ಹೆಚ್ಚು ಹೋಗಿದ್ದರೆ ಎ, 25ರಿಂದ 75 ಆದರೆ ಬಿ, 15ರಿಂದ 25 ಆದರೆ ಸಿ. 15ಕ್ಕಿಂತ ಕಡಿಮೆ ಅಂತ ಬರೆದರೆ ಏನೂ ಇಲ್ಲ.

ರಾಜ್ಯ ವಿಪತ್ತು ನಿಧಿಗೆ ಕೇಂದ್ರ 2022-23ರಿಂದ 2025-26ರವರೆಗೆ ಇಟ್ಟ ದರ ನೋಡಿ: ಪೂರ್ತಿ ಹೋದ ಮನೆಗೆ ಬಯಲಲ್ಲಿ 1.20 ಲಕ್ಷ, ಗುಡ್ಡಗಾಡಲ್ಲಿ 1.30 ಲಕ್ಷ ರೂಪಾಯಿ. ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ಮನೆಗೆ ಅಂಟಿದ ಕೊಟ್ಟಿಗೆಗೆ 3,000. ಬಟ್ಟೆಗೆ 2,500, ಪಾತ್ರೆಗೆ 2,500. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸುವುದುಂಟು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಹಾಗಂತ ಪ್ರತಿ ವರ್ಷ ಅದೇ ಸಿಗುತ್ತದೆ ಅಂದುಕೊಳ್ಳಬೇಡಿ. ಆ ವರ್ಷದ ಆದೇಶದ ಪ್ರತಿಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ ಓದಿ. ನಿಮ್ಮ ತಾಲೂಕಿಗೆ ಬಯಲು ದರವೋ ಗುಡ್ಡಗಾಡು ದರವೋ ಅನ್ನುವುದನ್ನೂ ಕೇಳಿ.

1.20 ಲಕ್ಷಕ್ಕೂ 6,500ಕ್ಕೂ ನಡುವಿನ ಕಂದರ ನೋಡಿದಿರಲ್ಲಾ? ಅದಕ್ಕೇ ಶೇಕಡಾವಾರು ಬರೆಯುವ ಆ ಹತ್ತು ನಿಮಿಷ ಅಷ್ಟು ಮುಖ್ಯ. ಎಂಜಿನಿಯರ್ ಬಂದಾಗ ಮನೆಯವರು ಅಲ್ಲಿ ಇರಬೇಕು. ಬಿದ್ದ ಗೋಡೆ ಮಾತ್ರ ತೋರಿಸಿ ಕಳಿಸಬೇಡಿ. ಒದ್ದೆಯಾಗಿ ಉಬ್ಬಿದ ಗೋಡೆ, ಜರುಗಿದ ತೊಲೆ, ಕುಸಿದ ಪಾಯ, ಎಲ್ಲ ತೋರಿಸಿ.

ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮನೆಗಳದ್ದು ಇನ್ನೊಂದು ಸಮಸ್ಯೆ. ಅವು ಮಳೆಯಲ್ಲೇ ಬೀಳುವುದಿಲ್ಲ. ಹೆಂಚು ಹಾರಿ, ಗೋಡೆ ನೀರು ಕುಡಿದು, ಬಿಸಿಲು ಬಂದ ಮೇಲೆ ಒಂದು ವಾರಕ್ಕೆ ಕುಸಿಯುತ್ತವೆ. ಅಷ್ಟರಲ್ಲಿ ಸಿ ಅಂತ ಬರೆದು ಹೋಗಿರುತ್ತಾರೆ. ಹಾಗಾದರೆ ಅವತ್ತೇ ಹೊಸ ಫೋಟೋ ಸಮೇತ ಮರುಪರಿಶೀಲನೆಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ದಾಖಲೆ ಇಲ್ಲದ ಮನೆಗಳ ವಿಷಯ ಕಹಿ. ಗುಡಿಸಲು ಬಿಟ್ಟು ಉಳಿದ ಮನೆ ಅಧಿಕೃತ ಕಟ್ಟಡ ಆಗಿರಬೇಕು ಅನ್ನುತ್ತದೆ ಕೇಂದ್ರದ ಮಾನದಂಡ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ಅದನ್ನು ಸಕ್ರಮ ಮಾಡಿಸಲು 94ಸಿ ಅರ್ಜಿ ಹಾಕಿದವರು ಆ ಅರ್ಜಿಯ ಸ್ವೀಕೃತಿ, ಕಂದಾಯ ಕಟ್ಟಿದ ರಸೀದಿ, ಕರೆಂಟ್ ಬಿಲ್, ರೇಷನ್ ಕಾರ್ಡ್ ಎಲ್ಲ ಒಟ್ಟಿಗೆ ಇಡಬೇಕು. ಇಂಥ ಮನೆಗಳಿಗೆ ರಾಜ್ಯ ಪ್ರತ್ಯೇಕ ಆದೇಶ ಕೊಟ್ಟರೆ ಆಗ ಕೇಳುವುದು ಇವೇ ಕಾಗದ.

ಲೈನ್ ಮನೆಯವರನ್ನು ಮರೆಯಬೇಡಿ

ಎಸ್ಟೇಟಿನ ಲೈನ್ ಮನೆ, ಅಂದರೆ ಕೂಲಿಯವರು ಇರುವ ಸಾಲು ಮನೆ, ಕುಸಿದರೆ ಕಟ್ಟಡ ಮಾಲೀಕರದ್ದು, ಆದರೆ ಒಳಗೆ ಹಾಳಾದ ಅಕ್ಕಿ, ಬಟ್ಟೆ, ಪಾತ್ರೆ ಕೂಲಿ ಮಾಡುವವರದ್ದು. ಬಟ್ಟೆ-ಪಾತ್ರೆಯ ಸಹಾಯ ಕುಟುಂಬದ ಲೆಕ್ಕದಲ್ಲಿ ಇರುವಂಥದ್ದು. ಒಂದು ಲೈನಿನಲ್ಲಿ ಆರು ಕುಟುಂಬ ಇದ್ದರೆ ಆರು ಹೆಸರು ಪ್ರತ್ಯೇಕವಾಗಿ ಪಟ್ಟಿಗೆ ಬರಬೇಕು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರಿಗೆ ಇಲ್ಲಿನ ರೇಷನ್ ಕಾರ್ಡ್ ಇರುವುದಿಲ್ಲ, ಕನ್ನಡವೂ ಬರುವುದಿಲ್ಲ. ಮಾಲೀಕರು ಅಥವಾ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಜವಾಬ್ದಾರಿ ತೆಗೆದುಕೊಂಡು ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸೇರಿಸಿ, ಇವರು ಇಲ್ಲೇ ವಾಸ ಇದ್ದರು ಅಂತ ಬರೆದು ಕೊಡಬೇಕು. ಪಂಚಾಯ್ತಿ ಸದಸ್ಯರು ಮನೆ ಮನೆಗೆ ಹೋಗುವಾಗ ಲೈನ್ ಕಡೆಗೆ ಕಾಲಿಡುವುದೇ ಕಡಿಮೆ. ಅಲ್ಲಿ ಹಾನಿ ಮಾತ್ರ ಎಲ್ಲರಿಗಿಂತ ಜಾಸ್ತಿ.

ತೋಟ: 33 ಶೇಕಡ ಅನ್ನುವ ಗೆರೆ

ಬೆಳೆ 33 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಾತ್ರ ಪರಿಹಾರ. ಕೇಂದ್ರದ ಅದೇ 2022-23ರಿಂದ 2025-26ರ ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಕಾಫಿ-ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ ಒಬ್ಬ ರೈತನಿಗೆ 2 ಹೆಕ್ಟೇರ್ ಮಿತಿ. ಅಂದರೆ ಎಕರೆಗೆ ಸುಮಾರು 9,100, ಎಷ್ಟೇ ದೊಡ್ಡ ತೋಟ ಇದ್ದರೂ 45,000ಕ್ಕೆ ನಿಲ್ಲುತ್ತದೆ. ಬಿದ್ದ ಬೆಳೆಯ ಬೆಲೆ ಇದರಿಂದ ಬರುವುದಿಲ್ಲ. ಮತ್ತೆ ಗೊಬ್ಬರ, ಆಳು ಅಂತ ಶುರು ಮಾಡಲು ಕೊಡುವ ಸಹಾಯ ಇದು. ಗುಡ್ಡ ಜಾರಿ ಜಮೀನೇ ಹೋದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000, ಹೂಳು ತೆಗೆಸಲು 18,000.

ಕಾಫಿಯಲ್ಲಿ 33 ಶೇಕಡ ತೋರಿಸುವುದು ಸುಲಭ ಅಲ್ಲ. ಜುಲೈ-ಆಗಸ್ಟ್‌ನಲ್ಲಿ ಬೇರು ನೀರಲ್ಲಿ ನಿಂತು, ಕೊಳೆ ಬಂದು ಕಾಯಿ ಉದುರುತ್ತದೆ. ಸಮೀಕ್ಷೆಗೆ ಬರುವ ಹೊತ್ತಿಗೆ ಉದುರಿದ ಕಾಯಿ ತರಗಿನ ಕೆಳಗೆ ಕಪ್ಪಾಗಿ ಮಣ್ಣಾಗಿರುತ್ತದೆ, ಗಿಡ ಮಾತ್ರ ಹಸಿರಾಗಿ ನಿಂತಿರುತ್ತದೆ. ನೋಡಿದವರಿಗೆ ಹಾನಿ ಎಲ್ಲಿ ಅನ್ನಿಸುತ್ತದೆ. ಹಾಗಾಗಿ ಮಳೆ ಜೋರಾಗುವ ಮೊದಲೇ, ಆರಿದ್ರಾ ಹೊತ್ತಿಗೆ, ಪ್ರತಿ ಬ್ಲಾಕಿನಲ್ಲಿ ಹತ್ತು ಗಿಡ ಗುರುತು ಮಾಡಿ. ಮೇಲಿನ ಇಳಿಜಾರು, ಮಧ್ಯ, ಕೆಳಗಿನ ತಗ್ಗು ಮೂರೂ ಕಡೆ ಇರಲಿ. ಗಿಡಕ್ಕೆ ಎರಡು ರೆಕ್ಕೆಗೆ (ಅಡ್ಡ ಕೊಂಬೆಗೆ) ರಿಬ್ಬನ್ ಕಟ್ಟಿ ಕಾಯಿ ಎಣಿಸಿ ಬರೆಯಿರಿ. ಮಳೆ ಬಿಟ್ಟ ಮೇಲೆ ಅದೇ ರೆಕ್ಕೆ ಮತ್ತೆ ಎಣಿಸಿ. ಕೆಟ್ಟ ಗಿಡಗಳನ್ನೇ ಆರಿಸಿ ಎಣಿಸಿದರೆ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಗುರುತು ಮಾಡಿದ ಗಿಡಕ್ಕೇ ಅವರನ್ನು ಕರೆದುಕೊಂಡು ಹೋಗಿ. ಕೊಳೆ ರೋಗ ಜಾಸ್ತಿ ಇದ್ದರೆ ಮಾದರಿ ರೆಂಬೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ತೋರಿಸಿ ಸಲಹೆ ಬರೆಸಿಕೊಳ್ಳಬಹುದು.

ಮಳೆ ಲೆಕ್ಕದಲ್ಲಿ ನಮ್ಮವರು ಗಟ್ಟಿಗರು. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಇಂಚು ಲೆಕ್ಕದ ಪುಸ್ತಕ ಇದೆ. ಅದನ್ನು ಉಪಯೋಗಿಸಿ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ ಒಂದು ದಿನ ಅಂತ ಅಳೆಯುತ್ತದೆ, ನೀವೂ ಅದೇ ಹೊತ್ತಿಗೆ ಅಳತೆ ನೋಡಿ. 64.5 ಮಿಮೀ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಅಂದರೆ ಎರಡೂವರೆ, ನಾಲ್ಕೂವರೆ, ಎಂಟು ಇಂಚು ಅಂತ ಇಟ್ಟುಕೊಳ್ಳಿ. ಸರ್ಕಾರ ನಂಬುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪನವನ್ನೇ. ಆದರೆ ಪಂಚಾಯ್ತಿ ಮಾಪನದಲ್ಲಿ ಮೂರು ಇಂಚು, ಗುಡ್ಡದಾಚೆ ನಿಮ್ಮಲ್ಲಿ ಎಂಟು ಇಂಚು ಆಗುವುದು ಮಲೆನಾಡಲ್ಲಿ ಮಾಮೂಲು. ಅಕ್ಕಪಕ್ಕದ ನಾಲ್ಕು ತೋಟದ ಪುಸ್ತಕದ ಪ್ರತಿ ಅರ್ಜಿ ಜೊತೆ ಇಟ್ಟರೆ ಕನಿಷ್ಠ ಸ್ಥಳ ಪರಿಶೀಲನೆಗೆ ಒಂದು ಕಾರಣ ಸಿಗುತ್ತದೆ.

ಊರಿನದ್ದೇ ಒಂದು ಪಟ್ಟಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಒಬ್ಬ ಗ್ರಾಮ ಆಡಳಿತ ಅಧಿಕಾರಿ ಕೈಯಲ್ಲಿ ಹಲವು ಊರು ಇರುತ್ತವೆ. ಅವರು ಪ್ರತಿ ಮನೆ ಹುಡುಕಿ ಬರೆಯುವುದಕ್ಕಿಂತ ನೀವು ಬರೆದಿಟ್ಟಿದ್ದನ್ನು ಪರಿಶೀಲಿಸುವುದು ಸುಲಭ. ಸ್ವಸಹಾಯ ಸಂಘದ ಇಬ್ಬರು, ಆಶಾ ಕಾರ್ಯಕರ್ತೆ, ಬೆಳೆಗಾರರ ಸಂಘದ ಒಬ್ಬರು, ಬೈಕ್ ಇರುವ ಒಂದೆರಡು ಹುಡುಗರು, ಇಷ್ಟು ಸಾಕು.

ಒಂದು ನೋಟ್‌ಬುಕ್ ಇಡಿ, ಮೊಬೈಲ್ ಶೀಟ್ ಆಮೇಲೆ. ಮನೆಯ ಯಜಮಾನಿ ಅಥವಾ ಯಜಮಾನನ ಹೆಸರು ಆಧಾರಿನಲ್ಲಿ ಇರುವಂತೆಯೇ, ಫೋನ್, ಸರ್ವೆ ನಂಬರ್, ಮನೆ ನಂಬರ್, ಹಾನಿ ಏನು, ಕಾರಣ ಏನು, ದಿನಾಂಕ, ಫೋಟೋ ಇದೆಯಾ. ಕಾರಣದ ಕಾಲಂ ಖಾಲಿ ಬಿಡಬೇಡಿ. ನೆರೆ, ಭೂಕುಸಿತ, ಮೇಘಸ್ಫೋಟ, ಆಲಿಕಲ್ಲು, ಚಂಡಮಾರುತ ಇವೆಲ್ಲ ಕೇಂದ್ರದ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಇಲ್ಲದ ಸ್ಥಳೀಯ ವಿಕೋಪಕ್ಕೆ ರಾಜ್ಯ ತನ್ನ ವಿಪತ್ತು ನಿಧಿಯ 10 ಶೇಕಡದವರೆಗೆ ಬಳಸಬಹುದು. ಧರೆ ಜಾರಿ ಮನೆ ಬಿದ್ದಿದ್ದನ್ನು 'ಮಳೆಯಿಂದ ಹಾನಿ' ಅಂತ ಮೊಟಕಾಗಿ ಬರೆದರೆ ಆಮೇಲೆ ಕಡತದಲ್ಲಿ ಪ್ರಶ್ನೆ ಏಳುತ್ತದೆ.

ಸುಳ್ಳು ಹೆಸರು ಬೇಡವೇ ಬೇಡ. ವಿಪತ್ತು ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಸುಳ್ಳು ಕ್ಲೇಮಿಗೆ ಎರಡು ವರ್ಷದವರೆಗೆ ಜೈಲು, ದಂಡ ಇದೆ. ಅದಕ್ಕಿಂತ ಹತ್ತಿರದ ತೊಂದರೆ ಇನ್ನೊಂದು: ಎರಡು ಸುಳ್ಳು ಹೆಸರು ಸಿಕ್ಕರೆ ಉಳಿದ ನಲವತ್ತು ನಿಜವಾದ ಹೆಸರಿನ ಮೇಲೂ ಅನುಮಾನ ಬೀಳುತ್ತದೆ.

ಪಟ್ಟಿಯ ಮೂರು ಪ್ರತಿ ಮಾಡಿ ಪಂಚಾಯ್ತಿಗೆ, ನಾಡಕಚೇರಿಗೆ, ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮೋರಿ, ಕಾಲುಸಂಕ, ಶಾಲೆ ಕಾಂಪೌಂಡ್, ಕುಡಿಯುವ ನೀರಿನ ಪೈಪು ಇವನ್ನು ಕಡೆಯ ಪುಟದಲ್ಲಿ ಬೇರೆಯಾಗಿ ಬರೆಯಿರಿ. ಇಂಥ ಊರಿನ ಲೆಕ್ಕಗಳೇ ತಾಲೂಕು, ಜಿಲ್ಲೆ ದಾಟಿ ರಾಜ್ಯದ ಮನವಿ ಪತ್ರ ಆಗುತ್ತವೆ. ಅದನ್ನು ಇಟ್ಟುಕೊಂಡೇ ಕೇಂದ್ರದ ತಂಡ ಪರಿಶೀಲನೆಗೆ ಬರುವುದು.

ಕಾಳಜಿ ಕೇಂದ್ರ ತೆರೆದಿದ್ದರೆ ಅಲ್ಲಿ ಹೆಸರು ಬರೆಸಿಯೇ ಉಳಿದುಕೊಳ್ಳಿ, ನೆಂಟರ ಮನೆಗೆ ಹೋಗುವವರೂ ಒಮ್ಮೆ ಹೆಸರು ಹೇಳಿ ಹೋಗುವುದು ಒಳ್ಳೆಯದು. ದಾನಿಗಳು ಫೋನ್ ಮಾಡಿದರೆ ಹಳೆ ಬಟ್ಟೆ ಬೇಡ ಅಂತ ನೇರವಾಗಿ ಹೇಳಿಬಿಡಿ. ಟಾರ್ಪಾಲು, ಟಾರ್ಚು, ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಬಿಪಿ-ಸಕ್ಕರೆ ಮಾತ್ರೆ, ಒಣ ಕಂಬಳಿ, ಮಲೆನಾಡಿನ ಮಳೆಯಲ್ಲಿ ಬೇಕಾಗುವುದು ಇವು.

ದುಡ್ಡು ಖಾತೆಗೆ ಬರುವವರೆಗೆ

ಮನೆಯ ವಿವರ ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕೆ, ಬೆಳೆಯದ್ದು ಕಂದಾಯ ಇಲಾಖೆಯ ಪರಿಹಾರ ತಂತ್ರಾಂಶಕ್ಕೆ ಏರುತ್ತದೆ. ಏರಿದ ಮೇಲೆ ಅರ್ಜಿ ಸಂಖ್ಯೆ ಕೇಳಿ ಪಡೆಯಿರಿ. ಫಲಾನುಭವಿ ಪಟ್ಟಿಯನ್ನು ಪಂಚಾಯ್ತಿ ನೋಟಿಸ್ ಬೋರ್ಡಿಗೆ ಹಾಕಿಸಿ ಅಂತ ಕೇಳಿ, ಹಾಕಿದ ದಿನವೇ ಹೋಗಿ ಓದಿ. ಹೆಸರು ಬಿಟ್ಟಿದ್ದರೆ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ, ಉತ್ತರ ಬರದಿದ್ದರೆ ಉಪವಿಭಾಗಾಧಿಕಾರಿಗೆ. ನಿಮ್ಮ ಮಹಜರಿನ ಪ್ರತಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ಬೆಳೆ ಪರಿಹಾರ ಅಲ್ಲೇ ನಿಲ್ಲುತ್ತದೆ. ಪೌತಿ ಖಾತೆಗೆ ಈ ಬೇಸಿಗೆಯಲ್ಲೇ ಅರ್ಜಿ ಹಾಕಿ. ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿವೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ. ಆಮೇಲೆ ಬ್ಯಾಂಕ್. ಆಧಾರ್ ಕಾರ್ಡ್ ಪ್ರತಿ ಕೊಟ್ಟ ಮಾತ್ರಕ್ಕೆ ನೇರ ವರ್ಗಾವಣೆ ಆಗುವುದಿಲ್ಲ. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ದುಡ್ಡು ಬರಲು ಆಧಾರ್-ಖಾತೆ ಜೋಡಣೆ, ಯಾವ ಬ್ಯಾಂಕಿಗೆ ಆಗಿದೆಯೋ ಆ ಖಾತೆಗೇ ದುಡ್ಡು ಹೋಗುತ್ತದೆ. ಎಷ್ಟೋ ಜನರದ್ದು ಎಂದೋ ತೆರೆದು ಮರೆತ ಖಾತೆಗೆ ಹೋಗಿ ಕುಳಿತಿರುತ್ತದೆ. ಇವರು ಪರಿಹಾರ ಬಂದಿಲ್ಲ ಅಂತ ತಾಲೂಕು ಕಚೇರಿಗೆ ಅಲೆಯುತ್ತಿರುತ್ತಾರೆ. ಬ್ಯಾಂಕಿಗೆ ಹೋಗಿ, ನನ್ನ ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ ಅಂತ ಒಂದೇ ಪ್ರಶ್ನೆ ಕೇಳಿ, ಬೇರೆ ಖಾತೆ ಆಗಿದ್ದರೆ ಅವತ್ತೇ ಫಾರಂ ತುಂಬಿ ಬದಲಾಯಿಸಿಕೊಳ್ಳಿ.